ಒಂದು ಚಿಟಿಕೆ ಉಪ್ಪು ಹಾಕಿ ನೋಡಿ

ಕಳೆದ ವಾರ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಒಂದು ಎಚ್ಚರಿಕೆ ಓದಿ ಹೇಳಿದೆ.

"ಡೈಹೈಡ್ರೋಜನ್ ಮೊನಾಕ್ಸೈಡ್ ಅನ್ನೋ ರಾಸಾಯನಿಕ ಬೆಂಗಳೂರಿನ ಮನೆಮನೆಗೂ ಪೈಪಿನಲ್ಲಿ ಬರ್ತಿದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಶ್ವಾಸಕೋಶಕ್ಕೆ ಹೋದ್ರೆ ಪ್ರಾಣ ಹೋಗುತ್ತೆ. ಇದರ ಆವಿ ತಗುಲಿದ್ರೆ ಮೈ ಸುಡುತ್ತೆ. ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತೆ. ಆಮ್ಲ ಮಳೆಯಲ್ಲಿ ಹೆಚ್ಚಿನ ಪಾಲು ಇದರದ್ದೇ. ಕ್ಯಾನ್ಸರ್ ಗಡ್ಡೆಯೊಳಗೂ ಸಿಕ್ಕಿದೆ."

ಇದನ್ನು ನಿಷೇಧಿಸಬೇಕು ಅನ್ನೋರು ಕೈ ಎತ್ತಿ ಅಂದೆ. ಎರಡು ಬೆಂಚು ಬಿಟ್ಟು ಎಲ್ಲ ಕೈಗಳೂ ಮೇಲೆ ಹೋದವು. ಆಮೇಲೆ ಬೋರ್ಡಿನ ಮೇಲೆ ಬರೆದೆ: ಡೈ ಅಂದರೆ ಎರಡು, ಮೊನೊ ಅಂದರೆ ಒಂದು. ಎರಡು ಹೈಡ್ರೋಜನ್, ಒಂದು ಆಕ್ಸಿಜನ್. ಹಿಂದಿನ ಬೆಂಚಿನಿಂದ "ಮಿಸ್, ಅದು ನೀರು!" ಅಂತ ಕೂಗು ಬಂತು. ನಾನು ಓದಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಮುಳುಗಿ ಸಾಯುವುದು, ಹಬೆಯಲ್ಲಿ ಕೈ ಸುಟ್ಟುಕೊಳ್ಳುವುದು ಎಲ್ಲ ನಿಜವೇ.

ಈ ತಮಾಷೆಗೆ ನಲವತ್ತು ವರ್ಷ ದಾಟಿದೆ. 1983ರ ಏಪ್ರಿಲ್ ಒಂದರಂದು ಅಮೆರಿಕದ ಮಿಷಿಗನ್ ರಾಜ್ಯದ ಡುರಾಂಡ್ ಎಂಬ ಊರಿನ ಪತ್ರಿಕೆಯೊಂದು, ಊರಿನ ನೀರಿನ ಕೊಳವೆಗಳಲ್ಲಿ ಇಂಥದ್ದೊಂದು ರಾಸಾಯನಿಕ ಪತ್ತೆಯಾಗಿದೆ ಅಂತ ಬರೆಯಿತು. 1997ರಲ್ಲಿ ಐಡಾಹೋದ ಹದಿನಾಲ್ಕು ವರ್ಷದ ಹುಡುಗನೊಬ್ಬ ಶಾಲೆಯ ವಿಜ್ಞಾನ ಮೇಳಕ್ಕಾಗಿ 50 ಸಹಪಾಠಿಗಳ ಮುಂದೆ ಇದನ್ನಿಟ್ಟ. 43 ಮಂದಿ ನಿಷೇಧಿಸಿ ಅಂದರು, ನೀರು ಅಂತ ಗುರುತಿಸಿದ್ದು ಒಬ್ಬರೇ. 2004ರಲ್ಲಿ ಕ್ಯಾಲಿಫೋರ್ನಿಯಾದ ಅಲಿಸೊ ವಿಯೆಹೊ ನಗರಸಭೆಯ ಕಾರ್ಯಸೂಚಿಯಲ್ಲೇ ಇದು ಸೇರಿಹೋಗಿತ್ತು. ಈ ರಾಸಾಯನಿಕ ಬಳಸಿ ಮಾಡುತ್ತಾರೆ ಅನ್ನೋ ಕಾರಣಕ್ಕೆ ಫೋಮ್ ಲೋಟಗಳನ್ನು ನಿಷೇಧಿಸೋ ಪ್ರಸ್ತಾಪ. ಮತಕ್ಕೆ ಹಾಕುವ ಮೊದಲು ಯಾರಿಗೋ ಗೊತ್ತಾಗಿ ಕೈಬಿಟ್ಟರು.

ಇದನ್ನು ಹೇಳಿಕೊಂಡು "ನೋಡಿ ಜನ ಎಷ್ಟು ದಡ್ಡರು" ಅಂತ ನಗುವವರ ಜೊತೆ ನನಗೆ ನಗೋಕೆ ಆಗಲ್ಲ. ಯಾಕೆ ಅಂತ ಹೇಳ್ತೀನಿ.

ಎರಡು ವರ್ಷದ ಹಿಂದೆ ವಿಜಯನಗರದ ನಮ್ಮ ಮನೆಗೆ ವಾಟರ್ ಫಿಲ್ಟರ್ ಮಾರುವ ಹುಡುಗನೊಬ್ಬ ಬಂದ. ಮನೆಯಲ್ಲಿ ಅಮ್ಮ ಒಬ್ಬರೇ. ಎರಡು ಲೋಟ ಕೇಳಿದ. ಒಂದಕ್ಕೆ ನಮ್ಮ ನಲ್ಲಿ ನೀರು, ಇನ್ನೊಂದಕ್ಕೆ ತಾನು ತಂದ ಬಾಟಲಿ ನೀರು. ಸರಳುಗಳಿದ್ದ ಪುಟ್ಟ ಯಂತ್ರವನ್ನು ಎರಡಕ್ಕೂ ಇಳಿಬಿಟ್ಟು ಪ್ಲಗ್ಗಿಗೆ ಸಿಕ್ಕಿಸಿದ. ಅರ್ಧ ನಿಮಿಷದಲ್ಲಿ ನಮ್ಮ ಲೋಟ ಕಂದು ಬಣ್ಣಕ್ಕೆ ತಿರುಗಿ ಮೇಲೆ ಹಸಿರು ಮಡ್ಡಿ ತೇಲಿತು. ಅವನ ನೀರು ಹಾಗೇ ತಿಳಿ. "ಅಮ್ಮಾ, ಇಷ್ಟು ದಿನ ಇದನ್ನೇ ಮೊಮ್ಮಕ್ಕಳಿಗೆ ಕುಡಿಸ್ತಿದ್ರಾ?" ಅಂದನಂತೆ. ನಾನು ಸ್ಕೂಲಿಂದ ಬಂದಾಗ ಅಮ್ಮ ಅಳ್ತಾ ಕೂತಿದ್ದರು, ಮುಂಗಡ ಕೊಟ್ಟಾಗಿತ್ತು.

ಆ ಮಡ್ಡಿ ನೀರಿನಲ್ಲಿ ಇದ್ದದ್ದಲ್ಲ, ಯಂತ್ರದ ಸರಳಿನದ್ದು. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂನಂಥ ಲವಣಗಳಿದ್ದರೆ ಕರೆಂಟು ಹರಿಯುತ್ತದೆ, ಕಬ್ಬಿಣದ ಸರಳು ಸವೆದು ತುಕ್ಕಾಗಿ ಲೋಟದಲ್ಲಿ ಕೂರುತ್ತದೆ. ಲವಣವನ್ನೆಲ್ಲ ತೆಗೆದ ನೀರಿನಲ್ಲಿ ಕರೆಂಟು ಸರಿಯಾಗಿ ಹರಿಯೋದೇ ಇಲ್ಲ, ಅದಕ್ಕೆ ತಿಳಿಯಾಗಿರುತ್ತದೆ. ಮರುದಿನ ಅವನು ಫಿಲ್ಟರ್ ಜೋಡಿಸೋಕೆ ಬಂದಾಗ, ನಿನ್ನ ಬಾಟಲಿ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ತೋರಿಸಪ್ಪ ಅಂದೆ. ಅದೂ ಕಂದು ಬಣ್ಣಕ್ಕೆ ತಿರುಗಿತು. ಹುಡುಗ ನಿಜಕ್ಕೂ ಗಾಬರಿಯಾದ, ಅವನಿಗೂ ಗೊತ್ತಿರಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹೀಗೆ ತೋರಿಸು ಅಂತ ಅವನ ಕೈಗೆ ಕೊಟ್ಟು ಕಳಿಸಿದವರ ಮೇಲಿದೆ.

ನೂರು ಕಿಲೋಮೀಟರ್ ಆಚೆಯಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತಂದ ಕಾವೇರಿ ನೀರು ನಮ್ಮ ನಲ್ಲಿಯದ್ದು. ಇಂಥ ನೀರಿಗೆ ಆರ್‌ಓ, ಅಂದರೆ ಲವಣವನ್ನೂ ಸೋಸಿ ತೆಗೆಯುವ ಫಿಲ್ಟರ್, ಹಾಕಿದರೆ ಒಂದು ಲೀಟರ್ ಕುಡಿಯೋಕೆ ಎರಡು ಮೂರು ಲೀಟರ್ ಸಿಂಕಿಗೆ ಹೋಗುತ್ತದೆ. ಲೀಟರಿಗೆ 500 ಮಿಲಿಗ್ರಾಮ್‌ಗಿಂತ ಕಡಿಮೆ ಲವಣ ಇರುವ ಕಡೆ ಆರ್‌ಓ ಬೇಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು.

ಈಗ ಹೇಳಿ, ಅಮ್ಮ ದಡ್ಡರಾ? ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದನ್ನು, 2018ರಲ್ಲಿ ಆ ಕೆರೆಯಂಗಳದಲ್ಲೇ ಬೆಂಕಿ ಎದ್ದದ್ದನ್ನು ಟಿವಿಯಲ್ಲಿ ನೋಡಿದವರು ಅವರು. ಇಂಥ ಊರಿನಲ್ಲಿ ನೀರು ಅಂದರೆ ಭಯ ಹುಟ್ಟುವುದು ಸಹಜ. ಆ ಭಯವನ್ನು ಗೇಲಿ ಮಾಡಬಾರದು, ಅದರ ಮೇಲೆ ವ್ಯಾಪಾರವನ್ನಂತೂ ಮಾಡಲೇಬಾರದು.

ನನ್ನನ್ನು ಹೆಚ್ಚು ಕಾಡುವ ವಿಷಯ ಇನ್ನೊಂದಿದೆ. ನಿಜಕ್ಕೂ ಕೆಡುಕು ಮಾಡುವುದು ಆ ಲೋಟದಲ್ಲಿ ಕಾಣುವುದೇ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಬೋರ್ ನೀರಿನ ಫ್ಲೋರೈಡ್ ಮಕ್ಕಳ ಹಲ್ಲಿಗೆ ಕಂದು ಕಲೆ ಹಿಡಿಸಿ ದೊಡ್ಡವರ ಮೂಳೆ ಬಗ್ಗಿಸಿದೆ. ಲೀಟರಿಗೆ 1.5 ಮಿಲಿಗ್ರಾಮ್ ದಾಟಬಾರದು ಅನ್ನುತ್ತದೆ ನಮ್ಮ ದೇಶದ ಮಾನದಂಡ. ನೆಲದಡಿಯ ನೀರಿನ ತೊಟ್ಟಿಗೆ, ಅಂದರೆ ಸಂಪಿಗೆ, ಚರಂಡಿ ನೀರು ಜಿನುಗಿದರೆ ಸೇರುವ ನೈಟ್ರೇಟ್ 45 ಮಿಲಿಗ್ರಾಮ್ ದಾಟಬಾರದು. ಎರಡಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ. ಡೈಹೈಡ್ರೋಜನ್ ಮೊನಾಕ್ಸೈಡ್ ಎಚ್ಚರಿಕೆಯಲ್ಲೂ ಇವೇ ಮಾತುಗಳಿವೆ, ಆದರೆ ಅಲ್ಲಿ ಲೆಕ್ಕವಿಲ್ಲ. ಎಷ್ಟು, ಎಲ್ಲಿಯ ನೀರು, ಯಾರು ಪರೀಕ್ಷೆ ಮಾಡಿದರು, ಒಂದೂ ಇಲ್ಲ. ನನ್ನ ಮಕ್ಕಳು ಹೆಸರು ಕೇಳಿ ಹೆದರುವ ಬದಲು ಈ ಮೂರನ್ನು ಕೇಳಲಿ ಅಂತಲೇ ಅವತ್ತು ಆ ಪಾಠ ಮಾಡಿದ್ದು.

ಉಪ್ಪಿನ ಪ್ರಯೋಗವನ್ನೂ ಕ್ಲಾಸಿನಲ್ಲಿ ಮಾಡಿದೆವು, ಒಂಬತ್ತು ವೋಲ್ಟಿನ ಬ್ಯಾಟರಿ, ಎರಡು ಕಬ್ಬಿಣದ ಮೊಳೆ. ಬೆಲ್ ಹೊಡೆದ ಮೇಲೂ ಒಬ್ಬಳು ಹುಡುಗಿ ನಿಂತಿದ್ದಳು. "ಮಿಸ್, ನಮ್ಮ ವಠಾರಕ್ಕೆ ಕಾವೇರಿ ಬರಲ್ಲ, ಬೋರ್ ನೀರೇ. ಅದ್ರಲ್ಲಿ ಏನಿದೆ ಅಂತ ಹೇಗೆ ಗೊತ್ತಾಗುತ್ತೆ?"

ಇವತ್ತು ಬೆಳಿಗ್ಗೆ ಒಂದು ಲೀಟರ್ ಬಾಟಲಿ ತಂದುಕೊಟ್ಟಿದ್ದಾಳೆ. ಹೇಳಿಕೊಟ್ಟ ಹಾಗೇ ಅದೇ ನೀರಿನಲ್ಲಿ ಮೂರು ಸಲ ತೊಳೆದು, ಕತ್ತಿನವರೆಗೂ ತುಂಬಿಸಿದ್ದಾಳೆ. ಮೇಲೆ ಅಂಟಿಸಿದ ಚೀಟಿಯಲ್ಲಿ ತಾರೀಕು, ಹೊತ್ತು, "ವಠಾರದ ಬೋರ್, ಸಂಪಿಗೆ ಬೀಳೋ ಪೈಪಿಂದ" ಅಂತ ದುಂಡು ಅಕ್ಷರದಲ್ಲಿ ಬರೆದಿದ್ದಾಳೆ. ಮಧ್ಯಾಹ್ನ ಲ್ಯಾಬಿಗೆ ನಾನೇ ತಗೊಂಡು ಹೋಗ್ತಿದ್ದೀನಿ.