ಗಿಡಕ್ಕೆ ದುಡ್ಡಿದೆ, ಬಸ್ಸಿಗಿಲ್ಲ

ನಿನ್ನೆ ಇಕೋ ಕ್ಲಬ್ (ಶಾಲೆಯ ಪರಿಸರ ಸಂಘ) ಉಸ್ತುವಾರಿ ಶಿಕ್ಷಕರ ಕಾರ್ಯಾಗಾರಕ್ಕೆ ಹೋಗಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಈ ಉದ್ದದ ಬರಹ. ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಬಹುದು, ಬೇಸರವಿಲ್ಲ.

ಸಂಪನ್ಮೂಲ ವ್ಯಕ್ತಿಗಳು ಪರದೆಯ ಮೇಲೆ ಬಣ್ಣದ ವೃತ್ತಗಳನ್ನು ತೋರಿಸಿದರು. ವೃತ್ತದಿಂದ ವೃತ್ತಕ್ಕೆ ಬಾಣಗಳು. ಒಂದೊಂದು ವೃತ್ತವೂ ಒಂದೊಂದು ಶಾಲೆಯಂತೆ. ಶಾಲೆ ಶಾಲೆಗಳ ನಡುವೆ ಪ್ರಾದೇಶಿಕ ಜಾಲ ಬೆಳೆಯದೆ ಸುಸ್ಥಿರತೆಯ ಶಿಕ್ಷಣ ಬೇರೂರುವುದಿಲ್ಲ ಎಂದರು. ನೂರಕ್ಕೆ ನೂರು ಸತ್ಯ. ನಾನು ಕೈ ಎತ್ತಿ ಕೇಳಿದೆ: “ಸರ್, ಹೊಳೆಯ ಉದ್ದಕ್ಕೂ ಇರುವ ಕೆಲವು ಶಾಲೆಯವರು ನಾವು ಆಗಾಗ ಒಂದು ಕಡೆ ಸೇರುತ್ತೇವೆ. ಅದರ ಬಸ್ ಖರ್ಚನ್ನು ಕ್ಲಬ್ಬಿನ ಅನುದಾನದಲ್ಲಿ ತೋರಿಸಬಹುದೇ?” ಅವರು ಪಕ್ಕದ ಕುರ್ಚಿಯ ಅಧಿಕಾರಿಯ ಮುಖ ನೋಡಿದರು. ಅಧಿಕಾರಿ ಕಡತದಿಂದ ತಲೆ ಎತ್ತದೆ ಹೇಳಿದರು: “ಆ ಲೆಕ್ಕ ಶೀರ್ಷಿಕೆಯಲ್ಲಿ ಅವಕಾಶವಿಲ್ಲ ಮೇಡಂ. ಬೇಕಾದರೆ ಬ್ಯಾನರಿನ ಖರ್ಚಿನಲ್ಲಿ ಹೊಂದಿಸಿಕೊಳ್ಳಿ.”

ಸಭೆ ನಕ್ಕಿತು. ಎಲ್ಲರೂ ಬ್ಯಾನರಿನಲ್ಲಿ ಏನಾದರೊಂದು ಹೊಂದಿಸಿಕೊಂಡವರೇ. ಆದರೆ ಒಂದು ಗಳಿಗೆ ಯೋಚಿಸಿ. ಫ್ಲೆಕ್ಸ್ ಬ್ಯಾನರನ್ನು ನಮ್ಮ ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ನಿಷೇಧವಾದ ವಸ್ತುವಿನ ಹೆಸರಿನಲ್ಲಿ ಬಿಲ್ಲು ಪಾಸಾಗುತ್ತದೆ. ಒಬ್ಬ ಮೇಷ್ಟ್ರು ಇನ್ನೊಬ್ಬ ಮೇಷ್ಟ್ರನ್ನು ನೋಡಲು ಹೋಗುವ ಬಸ್ ಟಿಕೆಟ್ಟು ಪಾಸಾಗುವುದಿಲ್ಲ.

ಸರ್ಕಾರ ದುಡ್ಡೇ ಕೊಡುತ್ತಿಲ್ಲ ಎಂದು ನಾನು ಗೋಳಾಡುತ್ತಿಲ್ಲ. ಪರಿಸರದ ಪಾಠ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತು. ಹತ್ತು ವರ್ಷದ ನಂತರ ಕೇಂದ್ರದ ಪರಿಸರ ಸಚಿವಾಲಯ ರಾಷ್ಟ್ರೀಯ ಹಸಿರು ಪಡೆಯ ಹೆಸರಿನಲ್ಲಿ ಶಾಲೆಗಳಲ್ಲಿ ಇಕೋ ಕ್ಲಬ್ ಶುರುಮಾಡಿತು. ಆಗ ಒಂದು ಕ್ಲಬ್ಬಿಗೆ ವರ್ಷಕ್ಕೆ 1,000 ರೂಪಾಯಿ. ಈಗ ಕೇಂದ್ರದ ‘ಸಮಗ್ರ ಶಿಕ್ಷಣ’ ಯೋಜನೆಯಡಿ ಯುವ ಮತ್ತು ಇಕೋ ಕ್ಲಬ್ಬಿಗೆ ಕಿರಿಯ ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕಕ್ಕೆ 15,000, ಪ್ರೌಢಶಾಲೆಗೆ 25,000 ರೂಪಾಯಿಯವರೆಗೆ ಅವಕಾಶವಿದೆ. ಅರಣ್ಯ ಇಲಾಖೆ ‘ಚಿಣ್ಣರ ವನ ದರ್ಶನ’ದಲ್ಲಿ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಮಿತ್ರ ಶಾಲೆ ಪ್ರಶಸ್ತಿ ಇದೆ. 2022ರಿಂದ ಪರಿಸರಸ್ನೇಹಿ ಬದುಕಿನ ಅಭಿಯಾನ ಮಿಷನ್ ಲೈಫ್ ಇದೆ. ತಾಯಿಯ ಹೆಸರಿನಲ್ಲಿ ಗಿಡ ನೆಟ್ಟು ಪೋರ್ಟಲ್‌ಗೆ ಫೋಟೋ ಏರಿಸಿದರೆ ಪ್ರಮಾಣಪತ್ರವೂ ಇಳಿದು ಬರುತ್ತದೆ.

ಇಷ್ಟೆಲ್ಲ ಕೊಡುವವರು ಒಂದನ್ನು ಮಾತ್ರ ಕೊಡುವುದಿಲ್ಲ. ಈ ಶಾಲೆಯನ್ನು ಆ ಶಾಲೆಗೆ ಜೋಡಿಸುವ ಕೆಲಸಕ್ಕೆ ಬಿಡಿಗಾಸು ಇಲ್ಲ, ಬಿಡುವು ಇಲ್ಲ, ಹೊಣೆ ಹೊತ್ತ ಮನುಷ್ಯರೂ ಇಲ್ಲ. ಬಾಣಗಳೆಲ್ಲ ಪರದೆಯ ಮೇಲೆಯೇ ಉಳಿಯುತ್ತವೆ.

ದುಡ್ಡು ಬರುವ ಹೊತ್ತನ್ನೂ ಹೇಳಿಬಿಡಬೇಕು. ನಮ್ಮ ಶಾಲೆಯ ಖಾತೆಗೆ ಅದು ಇಳಿಯುವುದು ಹೆಚ್ಚಾಗಿ ಫೆಬ್ರುವರಿ ಕೊನೆಗೆ ಅಥವಾ ಮಾರ್ಚಿನಲ್ಲಿ. ಮಾರ್ಚ್ 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕೊಡಬೇಕು. ಮಲೆನಾಡಿನಲ್ಲಿ ಮಾರ್ಚ್ ತಿಂಗಳು ಗಿಡ ನೆಡುವ ಕಾಲವೇ? ಬಾವಿ ತಳ ಕಂಡಿರುತ್ತದೆ, ಮಕ್ಕಳು ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿರುತ್ತಾರೆ. ಆದರೂ ನೆಡುತ್ತೇವೆ, ಫೋಟೋ ತೆಗೆಯುತ್ತೇವೆ, ಏಪ್ರಿಲ್‌ನಲ್ಲಿ ಅವು ಒಣಗುತ್ತವೆ. ಜೂನ್ 5ಕ್ಕೆ ಅದೇ ಗುಂಡಿಗೆ ಮತ್ತೊಂದು ಗಿಡ. ಗುಂಡಿ ತೋಡುವ ಶ್ರಮವಾದರೂ ಉಳಿಯಿತು ಅನ್ನಿ!

ಈಗ ನಮ್ಮ ಹೊಳೆಯ ಕಥೆ. ಹಳೆಯ ಗೆಳೆಯರಿಗೆ ಗೊತ್ತು, ಹೊಸಬರಿಗಾಗಿ ಚುಟುಕಾಗಿ. ತುಂಗೆಯ ದಡದ ಕೆಲವು ಶಾಲೆಗಳಲ್ಲಿ ನಾವು ಮಳೆ ಅಳೆಯುತ್ತೇವೆ. ಹಿಂದಿನ 24 ಗಂಟೆಯ ಮಳೆಯನ್ನು ಬೆಳಿಗ್ಗೆ ಎಂಟೂವರೆಗೆ ಅಳೆಯಬೇಕೆಂಬುದು ಹವಾಮಾನ ಇಲಾಖೆಯ ಕ್ರಮ. ಆ ಹೊತ್ತಿಗೆ ಶಾಲೆಯ ಬಾಗಿಲು ತೆರೆದಿರುವುದಿಲ್ಲ. ಆದ್ದರಿಂದ ಬೇಲಿಯಾಚೆಯ ಮನೆಯ ಹುಡುಗಿಯೊಬ್ಬಳು ಕಂಬಳಿ ಕೊಪ್ಪೆ ಹಾಕಿಕೊಂಡು ಬಂದು ಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು ನೋಡುತ್ತಾಳೆ. ಮೊದಲು ಅವಳು ರಿಜಿಸ್ಟರಿನಲ್ಲಿ ‘4 ಇಂಚು 10 ಸೆಂಟ್ಸ್’ ಎಂದು ಬರೆದಿದ್ದಳು. ತೋಟದ ಮನೆಗಳಲ್ಲಿ ಅಜ್ಜಂದಿರು ಡೈರಿಯಲ್ಲಿ ಮಳೆ ಬರೆಯುವುದೇ ಹಾಗೆ, ಒಂದು ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ. ಹೊಳೆಯ ಮೇಲ್ಭಾಗದ ಶಾಲೆಯವರು ಮಿಲಿಮೀಟರಿನಲ್ಲಿ ಬರೆದಿದ್ದರು. ಯಾರ ಲೆಕ್ಕ ಸರಿ ಎಂದು ಎರಡು ಶಾಲೆಯ ಮಕ್ಕಳು ಫೋನಿನಲ್ಲಿ ಜಗಳವಾಡಿ, ಕೊನೆಗೆ 25.4ರಿಂದ ಗುಣಿಸಿ, 104 ಮಿಲಿಮೀಟರ್ ಎಂದು ರಾಜಿಯಾದರು. ದಶಮಾಂಶದ ಗುಣಾಕಾರವನ್ನು ನಾನು ಕರಿಹಲಗೆಯ ಮೇಲೆ ಅಷ್ಟು ಚೆನ್ನಾಗಿ ಯಾವತ್ತೂ ಕಲಿಸಿಲ್ಲ.

ಆಮೇಲೆ ಎಲ್ಲ ಶಾಲೆಯವರೂ ಒಂದು ಕಡೆ ಸೇರಿ ರಿಜಿಸ್ಟರುಗಳನ್ನು ಅಕ್ಕಪಕ್ಕ ಇಟ್ಟೆವು. ಒಂದು ಗುಡ್ಡದ ಈಚೆ ಆಚೆ ಇರುವ ಎರಡು ಶಾಲೆಗಳಲ್ಲಿ ಒಂದೇ ದಿನದ ಮಳೆ ದುಪ್ಪಟ್ಟು ಬೇರೆ. ಎಂಟನೆಯ ತರಗತಿಯ ಹುಡುಗನೊಬ್ಬ ಎದ್ದು ಕೇಳಿದ: “ಮಿಸ್, ಶೃಂಗೇರಿ ಕಡೆ ಮಳೆ ಹೊಡೆದರೆ ಆಮೇಲೆ ನಮ್ಮಲ್ಲಿ ಹೊಳೆ ಏರುತ್ತದಲ್ಲ. ಅಲ್ಲಿಯ ಶಾಲೆಯವರು ಮೊದಲೇ ಫೋನು ಮಾಡಿದರೆ ನಮಗೆ ಗೊತ್ತಾಗುವುದಿಲ್ಲವಾ?” 2019ರ ಆಗಸ್ಟಿನಲ್ಲಿ ಹೊಳೆ ಅವರ ಮನೆಯ ಕೊಟ್ಟಿಗೆಗೆ ನುಗ್ಗಿತ್ತು. ಪಠ್ಯಪುಸ್ತಕದಲ್ಲಿ ಈ ಪ್ರಶ್ನೆ ಇಲ್ಲ. ಒಂದೇ ಶಾಲೆಯೊಳಗೆ ಕುಳಿತಿದ್ದರೆ ಅವನಿಗೂ ಇದು ಹೊಳೆಯುತ್ತಿರಲಿಲ್ಲ.

ಇದೇನು ಹುಡುಗಾಟದ ಮಾತಲ್ಲ. ವಯನಾಡಿನಲ್ಲಿ ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಣ್ಣ ಸಂಸ್ಥೆ ಊರವರ ಕೈಯಲ್ಲಿ ಮಳೆಮಾಪಕಗಳನ್ನಿಟ್ಟು ಇಡೀ ಜಿಲ್ಲೆಯಲ್ಲಿ ಜಾಲ ಹೆಣೆದಿದೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆ ಊರುಗಳು ಭೂಕುಸಿತದಲ್ಲಿ ಕೊಚ್ಚಿಹೋದವಲ್ಲ, ಅದರ ಹಿಂದಿನ ದಿನವೇ ಆ ಅಂಕಿಗಳನ್ನು ನೋಡಿ ಅವರು ಜಿಲ್ಲಾಡಳಿತವನ್ನು ಎಚ್ಚರಿಸಿದ್ದರೆಂದು ಪತ್ರಿಕೆಗಳಲ್ಲಿ ಬಂತು. ಅದೇ ಕೇರಳದಲ್ಲಿ 200ಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಲ್ಲಿ ಸಮಗ್ರ ಶಿಕ್ಷಣದ ಹಣದಿಂದಲೇ ಹವಾಮಾನ ಕೇಂದ್ರಗಳು ಎದ್ದಿವೆ. ಅಲ್ಲಿಯೂ ಎಲ್ಲ ಸರಿಯಿದೆ ಎನ್ನುತ್ತಿಲ್ಲ. ಆದರೆ ಅಲ್ಲಿ ಸಿಗುವ ಲೆಕ್ಕ ಶೀರ್ಷಿಕೆ ನಮ್ಮಲ್ಲಿ ಯಾಕೆ ಸಿಗುವುದಿಲ್ಲ?

‘ಪಂಚಾಯಿತಿಗೊಂದು ಸ್ವಯಂಚಾಲಿತ ಮಳೆಮಾಪಕ ಇದೆಯಲ್ಲ, ಮಕ್ಕಳು ಯಾಕೆ ಅಳೆಯಬೇಕು’ ಎಂದು ನಿನ್ನೆಯೇ ಒಬ್ಬರು ಕೇಳಿದರು. ಕ್ಯಾಲ್ಕುಲೇಟರ್ ಇದೆಯಲ್ಲ, ಮಗ್ಗಿ ಯಾಕೆ ಎಂದು ಅವರ ಮನೆಯಲ್ಲೂ ಕೇಳುತ್ತಾರೇನೋ.

ನಮ್ಮ ದೊಡ್ಡ ತೊಡಕು ಇನ್ನೊಂದಿದೆ. ಹೊಳೆ ಎರಡು ಜಿಲ್ಲೆಗಳಲ್ಲಿ ಹರಿಯುತ್ತದೆ. ಮೇಲಿನ ಶಾಲೆಗಳು ಚಿಕ್ಕಮಗಳೂರು ಜಿಲ್ಲೆಯವು, ಕೆಳಗಿನವು ಶಿವಮೊಗ್ಗದವು. ಹಾಗಾಗಿ ಸೇರುವುದಾದರೆ ಎರಡು ಜಿಲ್ಲೆಯ ಕಚೇರಿಗಳಿಂದಲೂ ಓಓಡಿ (ಶಾಲೆಯ ಹೊರಗೆ ಅನ್ಯ ಕರ್ತವ್ಯಕ್ಕೆ ಹೋಗುವ ಅನುಮತಿ) ಬರಬೇಕು. ಒಂದು ಕಡೆ ಸಿಕ್ಕಾಗ ಇನ್ನೊಂದು ಕಡೆ ಕಡತ ಮಲಗಿರುತ್ತದೆ. ಕೊನೆಗೆ ಭಾನುವಾರ ಸೇರುತ್ತೇವೆ, ಸ್ವಂತ ದುಡ್ಡಿನಲ್ಲಿ. ‘ಮೇಡಂಗಳಿಗೆ ಶಕ್ತಿ ಯೋಜನೆ ಇದೆಯಲ್ಲ’ ಎಂದು ತಮಾಷೆ ಮಾಡುವವರಿಗೆ: ನಮ್ಮ ಕಡೆ ಓಡುವುದು ಬಹುಪಾಲು ಖಾಸಗಿ ಬಸ್ಸು. ಅಲ್ಲಿ ಶಕ್ತಿ ನಡೆಯುವುದಿಲ್ಲ, ಚಿಲ್ಲರೆಯೇ ನಡೆಯಬೇಕು.

ಜಪಾನಿನಲ್ಲಿ ಒಕಾಯಾಮಾ ಎಂಬ ನಗರವಿದೆ. ಬುಲೆಟ್ ರೈಲಿನ ಕಥೆ ಹೇಳಲು ಬಂದಿಲ್ಲ, ಗಾಬರಿಯಾಗಬೇಡಿ. ಸುಸ್ಥಿರ ಅಭಿವೃದ್ಧಿಯ ಶಿಕ್ಷಣಕ್ಕಾಗಿ ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ 2005ರಲ್ಲಿ ಜಗತ್ತಿನಲ್ಲಿ ಮೊದಲು ಗುರುತಿಸಿದ ಏಳು ಪ್ರಾದೇಶಿಕ ಕೇಂದ್ರಗಳಲ್ಲಿ ಅದೂ ಒಂದು. ಅಲ್ಲಿ ಬಡಾವಣೆಗಳಲ್ಲಿ ‘ಕೋಮಿನ್‌ಕಾನ್’ ಎಂಬ ಸಮುದಾಯ ಭವನಗಳಿವೆ, ಅವುಗಳಿಗೆ ನಗರಾಡಳಿತವೇ ಸಂಬಳ ಕೊಡುವ ಸಿಬ್ಬಂದಿ ಇದ್ದಾರೆ. ಶಾಲೆ, ವಿಶ್ವವಿದ್ಯಾಲಯ, ಊರ ಸಂಘ, ಅಂಗಡಿಯವರು ಎಲ್ಲರನ್ನೂ ಕೂಡಿಸುವ ಸಮಿತಿಯ ಕಚೇರಿ ನಗರಾಡಳಿತದೊಳಗೇ ಇದೆ. 2016ರಲ್ಲಿ ಅವರಿಗೆ ಯುನೆಸ್ಕೊ ಪ್ರಶಸ್ತಿ ಬಂದಾಗ ಹೊಗಳಿದ್ದು ಗಿಡಗಳ ಸಂಖ್ಯೆಯನ್ನಲ್ಲ, ಆ ಕೂಡಿಸುವ ವ್ಯವಸ್ಥೆಯನ್ನು. ಒಬ್ಬರಿಗೆ ಫೋನು ಮಾಡುವುದೇ ಕೆಲಸ, ಸಭೆ ಕರೆಯುವುದೇ ಕೆಲಸ, ಅದಕ್ಕೇ ಸಂಬಳ.

ಜಪಾನ್ ದೂರವಾಯಿತೇ? ಕೃಷಿ ವಿಜ್ಞಾನ ಕೇಂದ್ರ ನೋಡಿ. 1974ರಲ್ಲಿ ಪುದುಚೇರಿಯಲ್ಲಿ ಒಂದರಿಂದ ಶುರುವಾಗಿ ಇಂದು ದೇಶದಲ್ಲಿ 700ಕ್ಕೂ ಹೆಚ್ಚಿವೆ. ಅಡಿಕೆಗೆ ಕೊಳೆ ಬಂದರೆ, ಎಲೆಚುಕ್ಕಿ ಬಂದರೆ ಅಲ್ಲಿಯ ವಿಜ್ಞಾನಿ ಜೀಪು ಹತ್ತಿ ತೋಟಕ್ಕೆ ಬರುತ್ತಾರೆ. ಸಂಶೋಧನೆಯನ್ನೂ ರೈತನನ್ನೂ ಜೋಡಿಸುವ ಕೊಂಡಿಗೆ ಸಂಬಳ, ಜೀಪು, ಡೀಸೆಲ್ಲು ಬೇಕೆಂದು ಇದೇ ಸರ್ಕಾರಕ್ಕೆ ಐವತ್ತು ವರ್ಷದ ಹಿಂದೆಯೇ ಗೊತ್ತಿತ್ತು. ಶಾಲೆಯ ವಿಷಯಕ್ಕೆ ಬಂದಾಗ ಮಾತ್ರ ಗೊತ್ತಿಲ್ಲ.

ಇನ್ನು ಕೆಲವು ಗೆಳೆಯರು ಕಮೆಂಟಿನಲ್ಲಿ ಏನು ಬರೆಯುತ್ತೀರೆಂದು ನನಗೆ ಗೊತ್ತು. ‘ಸರ್ಕಾರದ ದುಡ್ಡು ಸೇರಿದರೆ ಒಳ್ಳೆಯ ಕೆಲಸ ಕೆಡುತ್ತದೆ. ಇದು ಸ್ವಯಂಪ್ರೇರಣೆಯಿಂದ ಆಗಬೇಕು.’ ಒಂದು ಮಟ್ಟಿಗೆ ಒಪ್ಪುತ್ತೇನೆ. ಅನುದಾನ ಬಂದ ಮರುದಿನವೇ ಅಧ್ಯಕ್ಷ, ಉಪಾಧ್ಯಕ್ಷ ಎಂದು ಕುರ್ಚಿಗೆ ಬಡಿದಾಡಿದ ಸಂಘಗಳನ್ನು ನಾನೂ ನೋಡಿದ್ದೇನೆ. ಆದರೆ ಈ ಮಾತನ್ನು ಹೇಳುವವರು ಸಾಮಾನ್ಯವಾಗಿ ಸ್ವಂತ ಕಾರಿನಲ್ಲಿ ಓಡಾಡುವವರು. ಅತಿಥಿ ಶಿಕ್ಷಕಿಯೊಬ್ಬಳಿಗೆ ಗೌರವಧನವೇ ತಿಂಗಳುಗಟ್ಟಲೆ ತಡವಾಗುತ್ತದೆ. ಅವಳ ಸ್ವಯಂಪ್ರೇರಣೆ ಕಂಡಕ್ಟರಿಗೆ ನಡೆಯುವುದಿಲ್ಲ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಚುರುಕಾಗಿದ್ದವಳು ಅಂಥ ಒಬ್ಬಳು. ಈಗ ಬರುತ್ತಿಲ್ಲ. ಕಾರಣ ಕೇಳಿದರೆ ‘ಮನೆಯಲ್ಲಿ ಕೆಲಸ’ ಎನ್ನುತ್ತಾಳೆ.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ನಾನು ಆ ಭಾನುವಾರಗಳಿಗೆ ಓಡುತ್ತಿದ್ದದ್ದು ಭೂಮಿಯನ್ನು ಉಳಿಸುವುದಕ್ಕಲ್ಲ. ಮಕ್ಕಳ ಸಂಖ್ಯೆ ವರ್ಷ ವರ್ಷ ಕರಗುತ್ತಿರುವ ಶಾಲೆಯಲ್ಲಿ ವಿಜ್ಞಾನಕ್ಕೆ ನಾನೊಬ್ಬಳೇ. ಪಾಠದ ಬಗ್ಗೆ, ಪ್ರಯೋಗದ ಬಗ್ಗೆ, ಸುಮ್ಮನೆ ಒಂದು ಹೊಸ ಹಕ್ಕಿ ಕಂಡದ್ದರ ಬಗ್ಗೆ ಮಾತಾಡಲು ಇನ್ನೊಂದು ಜೀವವಿಲ್ಲ. ಅಲ್ಲಿ ಹೋದರೆ ನನ್ನಂಥ ನಾಲ್ಕು ಜನ ಸಿಗುತ್ತಿದ್ದರು. ಅವಲಕ್ಕಿ ತಿನ್ನುತ್ತಾ, ನೀರಿನ ಆಮ್ಲೀಯತೆ ನೋಡುವ ಪಿಎಚ್ ಪಟ್ಟಿಯ ಬಣ್ಣ ಹಳದಿಯೋ ಹಸಿರೋ ಎಂದು ವಾದಿಸುತ್ತಿದ್ದೆವು. ಸೋಮವಾರ ತರಗತಿಗೆ ಹೋಗುವಾಗ ಮೈಯಲ್ಲಿ ಬೇರೆಯದೇ ಹುರುಪು. ಇದನ್ನು ಯಾವ ಪೋರ್ಟಲ್‌ಗೆ ಏರಿಸಲಿ?

ನನ್ನ ಬೇಡಿಕೆ ಬಹಳ ಸಣ್ಣದು, ಅದಕ್ಕೇ ಬಹುಶಃ ಯಾರ ಕಣ್ಣಿಗೂ ಬೀಳುವುದಿಲ್ಲ. ತಾಲ್ಲೂಕಿಗೊಬ್ಬ ಶಿಕ್ಷಕರಿಗೆ ವಾರದಲ್ಲಿ ಎರಡು ದಿನ ಈ ಜೋಡಿಸುವ ಕೆಲಸಕ್ಕೆ ಬಿಡುವು. ಸೇರುವವರಿಗೆ ಬಸ್ ಖರ್ಚು, ಜಿಲ್ಲೆಯ ಗಡಿ ದಾಟಿದರೂ. ಹಣ ಜೂನ್‌ನಲ್ಲಿ. ಹೊಸ ಯೋಜನೆ ಬೇಡ, ಹೊಸ ಲಾಂಛನ ಬೇಡ, ದಯವಿಟ್ಟು ಹೊಸ ಆ್ಯಪ್ ಅಂತೂ ಬೇಡವೇ ಬೇಡ. ಕ್ಲಸ್ಟರ್ ಮಟ್ಟದಲ್ಲಿ ಸಮಾಲೋಚನಾ ಸಭೆ ಎಂಬುದು ಈಗಾಗಲೇ ಇದೆ. ಅದರಲ್ಲಿ ಬಿಸಿಯೂಟದ ಅಕ್ಕಿ ಮತ್ತು ಮೊಟ್ಟೆಯ ಲೆಕ್ಕ ಮುಗಿದ ಮೇಲೆ ಒಂದು ಗಂಟೆ ಕೊಟ್ಟರೂ ಸಾಕು.

ಇದನ್ನು ಯಾರಾದರೂ ಸ್ಕ್ರೀನ್‌ಶಾಟ್ ತೆಗೆದು ಇಲಾಖೆಯ ಗುಂಪಿಗೆ ಹಾಕುತ್ತಾರೆ ಎಂಬುದೂ ಗೊತ್ತು. ಹಾಕಿ, ಪೂರ್ತಿಯಾಗಿ ಹಾಕಿ. ನೋಟಿಸು ಬಂದರೆ ಉತ್ತರದ ಜೊತೆ ಮಳೆಯ ರಿಜಿಸ್ಟರಿನ ಪ್ರತಿಯನ್ನೂ ಲಗತ್ತಿಸುತ್ತೇನೆ. ಅವರೂ ಒಮ್ಮೆ ಓದಿದಂತಾಗುತ್ತದೆ.

ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ ಕಡೆಯ ಯಾವುದೇ ಶಾಲೆಯವರು ಈ ಮಳೆಗಾಲ ಸೇರಿಕೊಳ್ಳುವುದಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಮಾಪಕ ನೀವೇ ಹೊಂದಿಸಿಕೊಳ್ಳಬೇಕು, ಅಳತೆಯ ಗಾಜು ಒಂದು ನನ್ನ ಬಳಿ ಹೆಚ್ಚಿಗೆ ಇದೆ. ಬಸ್ ಖರ್ಚು ಸದ್ಯಕ್ಕೆ ನಿಮ್ಮದೇ.