ಅಟ್ಟದಲ್ಲಿರುವ ಅಜ್ಜನ ಕೋವಿ ಈಗ ಯಾರದು?

ಕರಾವಳಿಯಲ್ಲಿ ಎಲ್ಲಾದರೂ ತಲವಾರು ಬೀಸಿದ ಸುದ್ದಿ ಬಂದರೆ ಸಾಕು, "ನಮಗೂ ಕೋವಿ ಲೈಸೆನ್ಸ್ ಕೊಡಿ" ಎನ್ನುವವರು ಒಂದು ಕಡೆ, "ಇರುವ ಕೋವಿಗಳನ್ನೆಲ್ಲ ಠಾಣೆಯಲ್ಲಿಡಿಸಿ" ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಒಂದು ಲೈಸೆನ್ಸ್ ಪುಸ್ತಕವನ್ನಾದರೂ ಬಿಡಿಸಿ ನೋಡಿದಂತಿಲ್ಲ. ಅದರಲ್ಲಿ ಕೋವಿಯ ನಂಬರಿನಷ್ಟೇ ಮುಖ್ಯವಾದದ್ದು ಯಾವ ಉದ್ದೇಶಕ್ಕೆ ಕೊಟ್ಟದ್ದು ಎಂಬ ಸಾಲು. ದಕ್ಷಿಣ ಕನ್ನಡ, ಉಡುಪಿಯ ತೋಟದ ಮನೆಗಳಲ್ಲಿರುವುದು ಹೆಚ್ಚಾಗಿ ಬೆಳೆ ರಕ್ಷಣೆಯ ಕೋವಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆ ಮೊದಲು ಒಪ್ಪುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು. ಅದು ಸಾಲದು ಎಂದು ಲೈಸೆನ್ಸ್ ಕೊಡುವ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟೆ (ಕಾರ್ಟ್ರಿಜ್) ಹಾಕುವ ಕೋವಿ.

ನಮ್ಮ ಕಡೆ ಕಾಯ್ದೆ ಮುರಿಯುವ ಮನೆಗಳು ಎಂದರೆ ರೌಡಿಗಳ ಮನೆಗಳೇ ಆಗಬೇಕಿಲ್ಲ. ಅಜ್ಜ ತೀರಿಕೊಂಡರು, ಉತ್ತರಕ್ರಿಯೆ ಮುಗಿಯಿತು, ಪಾಲುಪಟ್ಟಿಯ ಮಾತು ಶುರುವಾಯಿತು, ಕೋವಿ ಮಾತ್ರ ಅಟ್ಟದಲ್ಲೇ ಉಳಿಯಿತು. ಲೈಸೆನ್ಸ್ ಇದ್ದದ್ದು ಅಜ್ಜನ ಹೆಸರಿಗೆ. ಅವರು ಹೋದ ಮೇಲೆ ಆ ಕೋವಿಗೆ ಲೈಸೆನ್ಸೇ ಇಲ್ಲ. ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 21ರ ಪ್ರಕಾರ ಅದನ್ನು ವಿನಾಕಾರಣ ತಡಮಾಡದೆ ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಒಪ್ಪಿಸಬೇಕು. ರಸೀದಿಯಲ್ಲಿ ತಯಾರಕರ ಹೆಸರು, ಕೋವಿ ನಂಬರ್, ಉಳಿದ ತೋಟೆಗಳ ಲೆಕ್ಕ ಎಲ್ಲ ಬರೆಸಿಕೊಳ್ಳಿ. ಬರೀ "ಒಂದು ಕೋವಿ" ಎಂದಿದ್ದರೆ ವಾಪಸು ಪಡೆಯುವಾಗ ತಕರಾರು ಗ್ಯಾರಂಟಿ.

ಆಮೇಲೆ ವಾರಸುದಾರರಲ್ಲಿ ಒಬ್ಬರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಹಳೆ ಲೈಸೆನ್ಸ್, ಉಳಿದವರ ನಿರಾಕ್ಷೇಪಣೆ ಜೋಡಿಸಿಟ್ಟುಕೊಳ್ಳಿ. ಕೆಲಸ ನಿಲ್ಲುವುದು ಬಹುತೇಕ ಈ ಕೊನೆಯದರಲ್ಲಿ: ಮುಂಬೈಯಲ್ಲೋ ದುಬೈಯಲ್ಲೋ ಇರುವ ಒಬ್ಬ ಮಾವನ ಸಹಿ ಬರುವುದಿಲ್ಲ. ಇಷ್ಟೆಲ್ಲ ತಪ್ಪಿಸಲು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲೇ ದಾರಿ ಇದೆ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ, ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಬಹುದು. ಅಜ್ಜ ಗಟ್ಟಿಮುಟ್ಟಾಗಿರುವಾಗ ಈ ಮಾತೆತ್ತಲು ಮನೆಯವರಿಗೆ ಮುಜುಗರ, ಅಷ್ಟೇ.

ಮುಂದೂಡಿದರೆ ಏನಾದೀತು? ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಂಡದ್ದಕ್ಕೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು, ಜೊತೆಗೆ ದಂಡ. ಅದೇ ತಿದ್ದುಪಡಿ ಲೈಸೆನ್ಸ್ ಅವಧಿಯನ್ನು 3ರಿಂದ 5 ವರ್ಷಕ್ಕೆ ಏರಿಸಿತು, ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳನ್ನು 3ರಿಂದ 2ಕ್ಕೆ ಇಳಿಸಿತು. ಐದು ವರ್ಷ ಸಿಕ್ಕಿತೆಂಬ ಖುಷಿಯಲ್ಲಿ ನವೀಕರಣದ ದಿನಾಂಕ ಮರೆತುಬಿಡುವವರಿದ್ದಾರೆ.

ಇನ್ನೊಂದು ತಪ್ಪು ತಿಳುವಳಿಕೆ: ಅಪ್ಪನ ಲೈಸೆನ್ಸಿನಲ್ಲಿ ತನ್ನ ಹೆಸರು ಇಲ್ಲದಿದ್ದರೂ ಮಗ ಆ ಕೋವಿ ಹಿಡಿದು ರಾತ್ರಿ ತೋಟ ಕಾಯಬಹುದು ಎನ್ನುವುದು. ರಿಪೇರಿಗೋ ನವೀಕರಣಕ್ಕೋ ಬೇರೆಯವರು ಒಯ್ಯಬೇಕಾದರೂ ಲೈಸೆನ್ಸ್‌ದಾರರು ಜೊತೆಗಿರಬೇಕು, ಇಲ್ಲವೇ ಲಿಖಿತ ಅನುಮತಿ ಕೊಟ್ಟಿರಬೇಕು. ಕೇಪಿನ ಕೋವಿಯದ್ದು ಬೇರೆಯೇ ಅಪಾಯ. ತುಂಬಿಸಿದ ಮದ್ದನ್ನು ಹೊರತೆಗೆಯುವುದು ಕಷ್ಟವೆಂದು ಹಾಗೇ ಮೂಲೆಗೆ ಒರಗಿಸಿಡುತ್ತಾರೆ. ನಮ್ಮ ಮಳೆಗಾಲದ ತೇವಕ್ಕೆ ಮದ್ದು ಥಂಡಿ ಹಿಡಿದು, ಕುದುರೆ (ಟ್ರಿಗರ್) ಎಳೆದಾಗ ಸಿಡಿಯದೆ, "ಏನಾಯಿತು" ಎಂದು ನೋಡಲು ನಳಿಗೆ ತಿರುಗಿಸಿದ ಹೊತ್ತಿಗೆ ಸಿಡಿಯಬಹುದು. ಸಿಡಿಯದಿದ್ದರೆ ನಳಿಗೆಯನ್ನು ಜನರಿಲ್ಲದ ಕಡೆಗೇ ಹಿಡಿದು ಒಂದು ನಿಮಿಷವಾದರೂ ಅಲುಗಾಡದೆ ನಿಲ್ಲಬೇಕು.

ಬೆಳೆ ರಕ್ಷಣೆ ಎಂದರೆ ಬೇಟೆಯ ಪರವಾನಗಿ ಅಲ್ಲ. ಕಾಡುಪ್ರಾಣಿಗಳನ್ನು ಹೆದರಿಸಿ ಓಡಿಸಬಹುದು. 1972ರ ವನ್ಯಜೀವಿ ಕಾಯ್ದೆ ಕ್ಷಮಿಸುವುದು ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಕೊಂದದ್ದನ್ನು. ಬಾಳೆ ಉಳಿಸಿಕೊಳ್ಳಲು ಕೊಂದದ್ದನ್ನಲ್ಲ. ಸೋಮೇಶ್ವರ, ಮೂಕಾಂಬಿಕಾ ವನ್ಯಧಾಮಗಳ 10 ಕಿ.ಮೀ. ಒಳಗಿನವರಿಗೆ ಹೊಸ ಲೈಸೆನ್ಸ್ ಕೊಡುವ ಮೊದಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಆ ಭಾಗದ ಅರ್ಜಿ ತಡವಾದರೆ ಠಾಣೆಯವರನ್ನಷ್ಟೇ ಬೈದು ಪ್ರಯೋಜನವಿಲ್ಲ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಮೇಲ್ಮನವಿಗೆ ಅದು ಬೇಕು. ಸಂಪಾಜೆ ದಾಟಿ ಕೊಡಗಿಗೆ ಹೋದರೆ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ (ಅಲ್ಲಿನ ಹಳೆಯ ಪದ್ಧತಿಯ ಭೂಮಿ ಇರುವವರಿಗೆ) ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ ಎಂದು ಸುಳ್ಯದವರು ಕೇಳುವುದುಂಟು. ಅದು ಕೇಂದ್ರದ ಪ್ರತ್ಯೇಕ ಅಧಿಸೂಚನೆಯಿಂದ ಬಂದದ್ದು, ಸದ್ಯ 2029ರ ಅಕ್ಟೋಬರ್ ವರೆಗೆ. ಘಟ್ಟದ ಕೆಳಗೆ ಅದು ಅನ್ವಯಿಸದು.

ಅಂಗಳದ ಅಡಿಕೆ ಕದ್ದು ಓಡುವವನ ಬೆನ್ನಿಗೆ ಗುಂಡು ಹಾರಿಸಿದರೆ ಆತ್ಮರಕ್ಷಣೆ ಎನ್ನಲಾಗದು. ಆಸ್ತಿ ಉಳಿಸಿಕೊಳ್ಳಲು ಜೀವ ತೆಗೆಯುವ ಹಕ್ಕು ದರೋಡೆ, ರಾತ್ರಿ ಮನೆಗೆ ಕನ್ನ, ಮನೆಗೆ ಬೆಂಕಿಯಂಥ ಕೆಲವೇ ಸಂದರ್ಭಗಳಿಗೆ ಮೀಸಲು. ಬರೀ ಕಳ್ಳತನಕ್ಕೆ ಅದು ಸಿಗಬೇಕಾದರೆ ಸಾವಿನ ಅಥವಾ ತೀವ್ರ ಗಾಯದ ನಿಜವಾದ ಭಯ ಇರಬೇಕು.

ಇನ್ನು ತಲವಾರು. ಅದು ಲೈಸೆನ್ಸ್ ಶಾಖೆಯ ಮೇಜಿನಿಂದ ಬರುವುದಲ್ಲ; ಕೋವಿ ನಿಯಮ ಎಷ್ಟು ಬಿಗಿ ಮಾಡಿದರೂ ಅದಕ್ಕೆ ತಾಗದು. 2016ರ ನಿಯಮಗಳು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿರುವುದನ್ನು ಆಯುಧದ ಪಟ್ಟಿಗೆ ಸೇರಿಸಿ, ಮನೆಗೆಲಸ, ಕೃಷಿಗೆಂದು ಮಾಡಿದ್ದನ್ನು ಬಿಟ್ಟಿವೆ. ಹಾಗಾಗಿ ಅಡುಗೆಮನೆಯ ಮೆಟ್ಟುಕತ್ತಿಗೆ ಭಯವಿಲ್ಲ. ಆದರೆ ವಶಪಡಿಸಿಕೊಂಡಾಗ ಪಂಚನಾಮೆಯಲ್ಲಿ ಅಲಗಿನ ಉದ್ದ, ಅಗಲ, ಹಿಡಿಯ ರೀತಿ ಅಳೆದು ಬರೆಯದೆ ಬರೀ "ಮಾರಕಾಸ್ತ್ರ" ಎಂದಿದ್ದರೆ, "ಅದು ತೋಟದ ಕತ್ತಿ ಸ್ವಾಮಿ" ಎಂದು ವಾದಿಸಲು ಆರೋಪಿಯ ವಕೀಲರಿಗೆ ಹೆಚ್ಚು ಕಷ್ಟವಿಲ್ಲ.