ಮೇಷ್ಟ್ರ ಬ್ಲಾಗು, ಮಕ್ಕಳ ಪುಟ

ಸಾಗರದ ಕಡೆಯ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವ ನನ್ನ ಭಾವ ಹತ್ತು ವರ್ಷದಿಂದ ಬ್ಲಾಗು ನಡೆಸುತ್ತಿದ್ದಾರೆ. ಯಾರೂ ಹೇಳಿ ಮಾಡಿಸಿದ್ದಲ್ಲ. ಪ್ರಶ್ನೆಕೋಶ, ಘಟಕ ಪರೀಕ್ಷೆಯ ಪತ್ರಿಕೆಗಳು, ಎಸ್ಸೆಸ್ಸೆಲ್ಸಿ ಹತ್ತಿರ ಬಂದರೆ ‘ಪಾಸಿಂಗ್ ಪ್ಯಾಕೇಜ್’, ಎಲ್ಲ ಅಲ್ಲಿವೆ. ಬೀದರಿನ ಮೇಷ್ಟ್ರುಗಳೂ ಇಳಿಸಿಕೊಳ್ಳುತ್ತಾರಂತೆ.

ನಾನಿರುವುದು ಕಲ್ಲಿಕೋಟೆಯಲ್ಲಿ. ಮಗಳು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಅವಳ ಶಾಲೆಗೂ ಅಂತರ್ಜಾಲದಲ್ಲೊಂದು ಪುಟವಿದೆ. 2009ರಲ್ಲಿ ಶುರುವಾದ ‘ಸ್ಕೂಲ್ ವಿಕಿ’ಯಲ್ಲಿ ಕೇರಳದ ಸುಮಾರು 15,000 ಶಾಲೆಗಳಿಗೆ ಒಂದೊಂದು ಪುಟ. ಊರಿನ ಚರಿತ್ರೆ, ಶಾಲೆಯ ಡಿಜಿಟಲ್ ಪತ್ರಿಕೆ ಅದರಲ್ಲೇ ಬರುತ್ತವೆ. 2020ರ ಲಾಕ್‌ಡೌನಿನಲ್ಲಿ ‘ಅಕ್ಷರವೃಕ್ಷಂ’ ಎಂದು ಹೆಸರಿಟ್ಟು ಮಕ್ಕಳಿಂದ ಕಥೆ, ಕವಿತೆ, ಲೇಖನ ಬರೆಸಿದರು. ಐವತ್ತು ಸಾವಿರಕ್ಕೂ ಹೆಚ್ಚು ಬರಹ ಬಂದವು.

ಭಾವನ ಬ್ಲಾಗಿನಲ್ಲಿ ಮಕ್ಕಳದ್ದು ಒಂದು ಸಾಲೂ ಇರಲಿಲ್ಲ. ಕೇಳಿದೆ. “ಸಿಲಬಸ್ ಮುಗಿಸೋದೇ ಕಷ್ಟ ಮಾರಾಯ” ಎಂದರು. ಅವರನ್ನು ದೂರುವ ಹಾಗಿಲ್ಲ. ಎರಡೂ ರಾಜ್ಯದ ಶಾಲೆಗಳು ಕಂಪ್ಯೂಟರ್ ಹಿಡಿದದ್ದು 2001ರ ಸುಮಾರಿಗೇ. ಕೇರಳದ ‘ಐಟಿ ಅಟ್ ಸ್ಕೂಲ್’ ಯೋಜನೆ ಪಾಠ ಮಾಡುವ ಮೇಷ್ಟ್ರುಗಳಿಗೇ ತರಬೇತಿ ಕೊಟ್ಟಿತು. ಮುಂದೆ ಲ್ಯಾಬುಗಳನ್ನೆಲ್ಲ ಸ್ವತಂತ್ರ ತಂತ್ರಾಂಶಕ್ಕೆ, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶಕ್ಕೆ, ಬದಲಿಸಿತು. ನಮ್ಮಲ್ಲಿ ಸರ್ಕಾರಿ ಹೈಸ್ಕೂಲುಗಳಿಗೆ ಕಂಪ್ಯೂಟರ್ ತಂದ ‘ಮಾಹಿತಿ ಸಿಂಧು’ ಯೋಜನೆಯ ಕಾಲದಿಂದ ಕೆಲಸ ಖಾಸಗಿ ಕಂಪನಿಗಳ ಗುತ್ತಿಗೆಗೆ ಹೋಯಿತು. ಯಂತ್ರ ಕಂಪನಿಯದು, ಕಲಿಸುವವನೂ ಕಂಪನಿಯವನು. ಗುತ್ತಿಗೆ ಮುಗಿದ ದಿನ ಅವನು ಹೋದ. ಲ್ಯಾಬಿನ ಬೀಗದಕೈ ಗಣಿತದ ಮೇಷ್ಟ್ರ ಕೈಗೆ ಬರುವಷ್ಟರಲ್ಲಿ ಯಂತ್ರಗಳಿಗೆ ವಯಸ್ಸಾಗಿತ್ತು. ಹೀಗಿದ್ದೂ ನಮ್ಮ ಮೇಷ್ಟ್ರುಗಳು ಮನೆಯ ಕಂಪ್ಯೂಟರಿನಲ್ಲಿ, ಸ್ವಂತ ಇಂಟರ್ನೆಟ್ ಖರ್ಚಿನಲ್ಲಿ ಇಷ್ಟು ಬ್ಲಾಗು ಕಟ್ಟಿದ್ದಾರೆ ಎನ್ನುವುದು ನನಗೆ ಹೆಚ್ಚಿನ ಆಶ್ಚರ್ಯ.

ಇನ್ನೊಂದು ತೊಡಕು ಅಕ್ಷರದ್ದು. ಬಹಳ ಕಾಲ ನಮ್ಮವರು ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲೇ ಟೈಪಿಸಿ ಪಿಡಿಎಫ್ ಮಾಡಿ ಹಾಕಿದರು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ‘ಪೈಥಾಗೊರಸ್ ಪ್ರಮೇಯ’ ಎಂದು ಕನ್ನಡದಲ್ಲಿ ಹುಡುಕಿದರೆ ಅದಕ್ಕೆ ಬರೆದ ಒಳ್ಳೆಯ ಟಿಪ್ಪಣಿಯೇ ಸಿಗುವುದಿಲ್ಲ. ಭಾವನ ಹಳೆಯ ಪೋಸ್ಟುಗಳಲ್ಲಿ ಅರ್ಧಕ್ಕೆ ಇದೇ ಗತಿ. ಮಗಳಿಗೆ ಶಾಲೆಯ ‘ಲಿಟಲ್ ಕೈಟ್ಸ್’ ಎಂಬ ಐಟಿ ಕ್ಲಬ್ಬಿನಲ್ಲಿ ಅನಿಮೇಷನ್ ಜೊತೆಗೆ ಮಲಯಾಳಂ ಟೈಪಿಂಗೂ ಕಲಿಸುತ್ತಾರೆ, ಹುಡುಕಿದರೆ ಸಿಗುವ ಯೂನಿಕೋಡ್ ಅಕ್ಷರಗಳಲ್ಲೇ.

ಇಲ್ಲಿಯದೆಲ್ಲ ಚಿನ್ನ ಎನ್ನಲಾರೆ. ಆ ಕ್ಲಬ್ಬಿಗೆ ಸೇರಲು ಎಂಟನೇ ಕ್ಲಾಸಿನಲ್ಲಿ ಪರೀಕ್ಷೆ ಇದೆ. ಪಾಸಾಗದ ಹುಡುಗ ಕ್ಯಾಮೆರಾ ಹಿಡಿದವರನ್ನು ನೋಡುತ್ತ ನಿಲ್ಲಬೇಕು. ವಿಕಿಯಲ್ಲೂ ಎಷ್ಟೋ ಪುಟಗಳು ಕಟ್ಟಡದ ಫೋಟೋ, ಹೆಡ್‌ಮಾಸ್ಟರುಗಳ ಪಟ್ಟಿಗೆ ನಿಂತಿವೆ. ಬಹುಮಾನದ ಸುದ್ದಿ ಬಂದ ವಾರ ಮಾತ್ರ ಎಚ್ಚರ.

ಆದರೂ ನನ್ನ ಒಲವು ಈ ಕಡೆಗೇ. ಬರೆದದ್ದನ್ನು ಟೀಚರಲ್ಲದೆ ಇನ್ನೊಬ್ಬರು ಓದುತ್ತಾರೆಂದು ತಿಳಿದ ದಿನದಿಂದ ಮಗಳು ವಾಕ್ಯ ತಿದ್ದಲು ಕೂರುತ್ತಾಳೆ. ನೋಟ್ಸ್ ಇಳಿಸಿಕೊಂಡ ಮಗು ಹಾಗೆ ಕೂತದ್ದನ್ನು ನಾನು ಕಂಡಿಲ್ಲ.

ಕಳೆದ ಬೇಸಿಗೆಯಲ್ಲಿ ಅವಳು ಶಾಲೆಯ ಪತ್ರಿಕೆಗೆ ಅಜ್ಜಿ ಮನೆಯ ಅಡಿಕೆ ಚಪ್ಪರದ ಬಗ್ಗೆ ಬರೆದಳು, ಮಲಯಾಳದಲ್ಲಿ. ಓದಲಾಗದ ಅಜ್ಜಿಗೆ ಸಿಟ್ಟು ಬಂತು. ಅದನ್ನೇ ಕನ್ನಡಕ್ಕೆ ತಂದು, ಒತ್ತಕ್ಷರಕ್ಕೆ ತಡಕಾಡುತ್ತ ಎರಡು ಸಂಜೆ ಟೈಪಿಸಿ ಕಳಿಸಿದಳು. ಭಾವ ಅದನ್ನು ತಮ್ಮ ಬ್ಲಾಗಿಗೆ ಹಾಕಿದ್ದಾರೆ, ತ್ರಿಕೋನಮಿತಿಯ ಪ್ರಶ್ನೆಕೋಶದ ಕೆಳಗೆ. ಮೂರು ಕಾಗುಣಿತ ತಪ್ಪು ಹಾಗೇ ಇವೆ, ತಿದ್ದಬೇಡಿ ಎಂದು ನಾನೇ ಹೇಳಿದೆ.